ಮೈನಸ್ 30ರಲ್ಲಿ ಅಂಗಡಿ ಕೆಲಸ: ಒಂದು ಪೆಗ್ ಹಾಕಿದರೆ ಚಳಿ ಓಡುತ್ತದೆಯೇ?

ಡಿಸೆಂಬರ್ ಬಂತೆಂದರೆ ಕೆನಡಾ, ಅಮೆರಿಕದಲ್ಲಿ ಮಕ್ಕಳಿರುವ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಚಳಿಯ ಸಲಹೆಗಳು ಹರಿದಾಡಲು ಶುರುವಾಗುತ್ತವೆ. ಸ್ವಲ್ಪ ಬ್ರಾಂಡಿ ಕುಡಿದರೆ ಮೈ ಬೆಚ್ಚಗಾಗುತ್ತದೆ, ತಲೆಗೆ ಟೋಪಿ ಹಾಕಿದರೆ ಅರ್ಧ ಚಳಿ ಹೋಯಿತು, ಬೆರಳು ಮರಗಟ್ಟಿದರೆ ಚೆನ್ನಾಗಿ ಉಜ್ಜಬೇಕು, ಹೀಗೆ. ಮನೆಯೊಳಗೆ ಹೀಟರ್ ಹಾಕಿಕೊಂಡು ಕೂತವರಿಗೆ ಇವುಗಳಿಂದ ದೊಡ್ಡ ನಷ್ಟವಿಲ್ಲ. ಆದರೆ ಸೂಪರ್ ಮಾರ್ಕೆಟ್‌ನ ಪಾರ್ಕಿಂಗ್‌ನಲ್ಲಿ ಟ್ರಾಲಿ ಎಳೆಯುವವರು, ಪೆಟ್ರೋಲ್ ಬಂಕಿನಲ್ಲಿ ನಿಂತವರು, ಮನೆಮನೆಗೆ ಊಟ ತಲುಪಿಸುವವರು ಇವನ್ನು ನಂಬಿದರೆ ಬೆರಳನ್ನೇ ಕಳೆದುಕೊಳ್ಳಬಹುದು. ಕೆಲವೊಮ್ಮೆ ಜೀವವನ್ನೂ.

ಹಾಗಾದರೆ ನಿಜ ಏನು? ಒಂದೊಂದಾಗಿ ನೋಡೋಣ.

ಎಷ್ಟು ಚಳಿ ಎಂದರೆ ಎಷ್ಟು?

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ಮನೆಯ ಫ್ರಿಜ್‌ನಲ್ಲಿ ಐಸ್‌ಕ್ರೀಂ ಇಡುವ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿಯಲ್ಲಿರುತ್ತದೆ. 2019ರ ಜನವರಿ 30ರಂದು ಚಿಕಾಗೊ ನಗರದಲ್ಲಿ ತಾಪಮಾನ ಮೈನಸ್ 30 ಡಿಗ್ರಿಗಿಂತ ಕೆಳಗಿಳಿಯಿತು. ಅಂದರೆ ಅಂದು ಫ್ರೀಜರ್‌ನ ಒಳಗೇ ಹೊರಗಿಗಿಂತ ಬೆಚ್ಚಗಿತ್ತು! ಆ ದಿನ ಅಮೆರಿಕದ ಅಂಚೆ ಇಲಾಖೆ ಮಧ್ಯಪಶ್ಚಿಮದ ಹಲವು ಕಡೆ ಪತ್ರ ಹಂಚುವುದನ್ನೇ ನಿಲ್ಲಿಸಿತು.

ಎಲ್ಲ ಕೆಲಸವೂ ಹಾಗೆ ನಿಲ್ಲುವುದಿಲ್ಲ. 2022ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ನಗರಕ್ಕೆ ಭೀಕರ ಹಿಮಬಿರುಗಾಳಿ ಅಪ್ಪಳಿಸಿತು. ನಾಲ್ಕೈದು ದಿನಗಳಲ್ಲಿ ನಾಲ್ಕು ಅಡಿಗೂ ಹೆಚ್ಚು ಹಿಮ ಬಿತ್ತು. ವಾಹನ ಸಂಚಾರ ನಿಷೇಧ ಜಾರಿಯಾದದ್ದು ಶುಕ್ರವಾರ ಬೆಳಿಗ್ಗೆ 9:30ಕ್ಕೆ. ಅಷ್ಟರಲ್ಲಿ ಎಷ್ಟೋ ಜನ ಕೆಲಸಕ್ಕೆ ಹೊರಟಾಗಿತ್ತು. ಬಫಲೊ ಇರುವ ಎರಿ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವರು ರಸ್ತೆಯಲ್ಲಿ, ಕೆಲವರು ಹಿಮದಲ್ಲಿ ಹೂತುಹೋದ ಕಾರಿನಲ್ಲಿ, ಕೆಲವರು ಹೀಟರ್ ನಿಂತುಹೋದ ಮನೆಯಲ್ಲಿ, ಇನ್ನು ಕೆಲವರು ಹಿಮ ಎತ್ತಿಹಾಕುವಾಗ ಹೃದಯ ನಿಂತು. ಆಂಬುಲೆನ್ಸ್‌ಗಳೇ ಹಿಮದಲ್ಲಿ ಸಿಕ್ಕಿಕೊಂಡಿದ್ದವು.

"ಒಳಗಿನ ಕೆಲಸ" ಎಂಬ ಮೋಸ

ಕಟ್ಟಡ ಕಾರ್ಮಿಕರಿಗೆ ತಾವು ಹೊರಗೆ ದುಡಿಯುವವರು ಎಂದು ಗೊತ್ತಿರುತ್ತದೆ, ಅದಕ್ಕೆ ತಕ್ಕ ಬಟ್ಟೆ ಹಾಕಿಕೊಂಡೇ ಬರುತ್ತಾರೆ. ಅಂಗಡಿ, ಹೋಟೆಲ್ ಕೆಲಸ ಹಾಗಲ್ಲ. ಹೆಸರಿಗೆ ಒಳಗಿನ ಕೆಲಸ, ಯೂನಿಫಾರ್ಮ್ ತೆಳ್ಳಗಿನ ಟೀಶರ್ಟ್. ಆದರೆ ಟ್ರಾಲಿ ತರಬೇಕು, ಕಸದ ಚೀಲ ಹಾಕಿಬರಬೇಕು, ಬಾಗಿಲ ಮುಂದಿನ ಹಿಮ ತೆಗೆಯಬೇಕು, ಉಪ್ಪು ಚೆಲ್ಲಬೇಕು, ಡ್ರೈವ್ ಥ್ರೂ ಕಿಟಕಿ ನೂರು ಸಲ ತೆರೆಯಬೇಕು. ಒಳಗೆ ಓಡಾಡಿ ಬೆವತ ಮೈಯಲ್ಲಿ "ಐದೇ ನಿಮಿಷ" ಎಂದು ಹೊರಗೆ ಹೋಗುತ್ತಾರೆ. ಅಪಾಯ ಇಲ್ಲೇ ಇದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಬೆವರಿನಿಂದ ಒದ್ದೆಯಾದ ಹತ್ತಿ ಬನಿಯನ್ ಚಳಿಯನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ.

ನಂಬಿಕೆ 1: ವಿಂಡ್ ಚಿಲ್ ಮೈನಸ್ 33 ಎಂದರೆ ಹೊರಗೆ ಮೈನಸ್ 33 ಡಿಗ್ರಿ

ತಪ್ಪು. ಹವಾಮಾನ ಆ್ಯಪ್‌ನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಗಾಳಿಯ ನಿಜವಾದ ತಾಪಮಾನ. ಇನ್ನೊಂದು ಗಾಳಿ ಬೀಸುವಾಗ ಬರಿ ಚರ್ಮಕ್ಕೆ ಎಷ್ಟು ಚಳಿ ಅನ್ನಿಸುತ್ತದೆ ಎಂಬ ಲೆಕ್ಕ, ಅದೇ ವಿಂಡ್ ಚಿಲ್. ನಮ್ಮ ಮೈಯ ಸುತ್ತ ಬೆಚ್ಚಗಿನ ಗಾಳಿಯ ತೆಳುವಾದ ಪದರ ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ. ಬಿಸಿ ಕಾಫಿಗೆ ಊದಿದರೆ ಬೇಗ ಆರುವುದು ಇದೇ ಕಾರಣಕ್ಕೆ. ತಾಪಮಾನ ಮೈನಸ್ 20 ಇದ್ದು, ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಳಿ ಬೀಸಿದರೆ ವಿಂಡ್ ಚಿಲ್ ಮೈನಸ್ 33 ಆಗುತ್ತದೆ.

ಗಾಳಿ ಎಷ್ಟೇ ಬೀಸಿದರೂ ನಿಮ್ಮ ಕಾರಾಗಲಿ, ನೀರಿನ ಬಾಟಲಿಯಾಗಲಿ ಮೈನಸ್ 20ಕ್ಕಿಂತ ಕೆಳಗೆ ಹೋಗುವುದಿಲ್ಲ, ಅಲ್ಲಿಗೆ ಬೇಗ ತಲುಪುತ್ತವೆ ಅಷ್ಟೆ. ಆದರೆ ಮನುಷ್ಯನ ಚರ್ಮಕ್ಕೆ ಈ ಅಂಕಿ ಬಹಳ ಮುಖ್ಯ. ಕೆನಡಾ ಹವಾಮಾನ ಇಲಾಖೆಯ ಪ್ರಕಾರ ವಿಂಡ್ ಚಿಲ್ ಮೈನಸ್ 28ರಿಂದ 39ರ ನಡುವೆ ಇದ್ದರೆ ಬರಿ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40ರಿಂದ 47 ಇದ್ದರೆ 5ರಿಂದ 10 ನಿಮಿಷ ಸಾಕು.

ನಂಬಿಕೆ 2: ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ

ಅಪಾಯಕಾರಿ ಸುಳ್ಳು. ಚಳಿ ತಗುಲಿದಾಗ ದೇಹ ಕೈಕಾಲು ಮತ್ತು ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ, ಬಿಸಿ ರಕ್ತವನ್ನು ಹೃದಯ, ಶ್ವಾಸಕೋಶ, ಮೆದುಳಿಗಾಗಿ ಉಳಿಸಿಕೊಳ್ಳುತ್ತದೆ. ಮದ್ಯ ಆ ರಕ್ತನಾಳಗಳನ್ನು ಮತ್ತೆ ಹಿಗ್ಗಿಸುತ್ತದೆ. ಬಿಸಿ ರಕ್ತ ಚರ್ಮಕ್ಕೆ ಬಂದಾಗ "ಆಹಾ, ಬೆಚ್ಚಗಾಯ್ತು" ಅನ್ನಿಸುತ್ತದೆ. ನಿಜವಾಗಿ ಒಳಗಿನ ಶಾಖ ಹೊರಗೆ ಸೋರುತ್ತಿರುತ್ತದೆ. ಜೊತೆಗೆ ಮದ್ಯ ನಡುಕವನ್ನೂ ಕಡಿಮೆ ಮಾಡುತ್ತದೆ. ನಡುಕ ಎಂದರೆ ಸ್ನಾಯುಗಳು ಶಾಖ ಹುಟ್ಟಿಸುವ ಕೆಲಸ. ಅದನ್ನು ನಿಲ್ಲಿಸುವುದೆಂದರೆ ಚಳಿಯಲ್ಲಿ ಒಲೆ ಆರಿಸಿದ ಹಾಗೆ. ಚಳಿಯಲ್ಲಿ ನಿಂತವರಿಗೆ ಬೇಕಾದದ್ದು ಹೊಟ್ಟೆ ತುಂಬ ಊಟ ಮತ್ತು ಬಿಸಿಬಿಸಿ ಸಿಹಿ ಪಾನೀಯ.

ನಂಬಿಕೆ 3: ದೇಹದ ಅರ್ಧ ಶಾಖ ತಲೆಯಿಂದ ಹೋಗುತ್ತದೆ

ಸುಳ್ಳು. ದೊಡ್ಡವರಲ್ಲಿ ತಲೆ ಇಡೀ ದೇಹದ ಮೇಲ್ಮೈಯ ಸುಮಾರು 10ರಲ್ಲಿ 1 ಪಾಲು. ಶಾಖ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ಮೈಯೆಲ್ಲ ಮುಚ್ಚಿ ತಲೆ ಮಾತ್ರ ಬಿಟ್ಟರೆ ಅಲ್ಲಿಂದಲೇ ಹೆಚ್ಚು ಹೋಗುವುದು ಸಹಜ. ಟೋಪಿ ಬೇಕೇ ಬೇಕು, ಏಕೆಂದರೆ ಕಿವಿ ಬಹಳ ಬೇಗ ಹೆಪ್ಪುಗಟ್ಟುತ್ತದೆ. ಆದರೆ ಟೋಪಿ ಹಾಕಿದೆ ಎಂದು ಜಾಕೆಟ್ ಬಿಟ್ಟು ಹೋಗಬೇಡಿ.

ನಂಬಿಕೆ 4: ಎರಡು ಜೊತೆ ಸಾಕ್ಸ್ ಹಾಕಿದರೆ ಎರಡು ಪಟ್ಟು ಬೆಚ್ಚಗೆ

ಶೂ ಸಡಿಲವಾಗಿದ್ದರೆ ಮಾತ್ರ ನಿಜ. ಬಿಗಿಯಾದ ಶೂವಿನೊಳಗೆ ಎರಡು ಸಾಕ್ಸ್ ತುರುಕಿದರೆ ರಕ್ತ ಓಡಾಡುವುದಿಲ್ಲ, ಬೆಚ್ಚಗಿಡುವ ಗಾಳಿಗೂ ಜಾಗವಿಲ್ಲ. ಬಟ್ಟೆ ಪದರ ಪದರವಾಗಿರಲಿ. ಮೈಗೆ ತಾಗುವ ಪದರ ಉಣ್ಣೆ ಅಥವಾ ಬೆವರು ಹೊರಹಾಕುವ ಸಿಂಥೆಟಿಕ್, ನಡುವೆ ದಪ್ಪ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್. ಹತ್ತಿ ಬೇಡ. ಚೀಲದಲ್ಲಿ ಒಂದು ಜೊತೆ ಒಣ ಸಾಕ್ಸ್ ಮತ್ತು ಗ್ಲೌಸ್ ಸದಾ ಇರಲಿ.

ನಂಬಿಕೆ 5: ಮರಗಟ್ಟಿದ ಬೆರಳನ್ನು ಉಜ್ಜಬೇಕು

ಬೇಡವೇ ಬೇಡ. ಇದು ಹಳೆಯ ತಪ್ಪು. 1812ರಲ್ಲಿ ನೆಪೋಲಿಯನ್‌ನ ಸೇನೆ ರಷ್ಯಾದಿಂದ ಹಿಂದೆ ಸರಿಯುವಾಗ ಸೈನಿಕರು ಹೆಪ್ಪುಗಟ್ಟಿದ ಕಾಲನ್ನು ಬೆಂಕಿಗೆ ಹಿಡಿದು ಹಾಳುಮಾಡಿಕೊಳ್ಳುತ್ತಿದ್ದರು. ಇದನ್ನು ಕಂಡ ಸೇನಾ ವೈದ್ಯ ಡೊಮಿನಿಕ್ ಲಾರೆ ಹಿಮದಿಂದ ಉಜ್ಜುವ ಸಲಹೆ ಕೊಟ್ಟ. ಬೆಂಕಿ ಬೇಡ ಎಂಬುದು ಸರಿಯಾಗಿತ್ತು, ಉಜ್ಜುವುದು ತಪ್ಪಾಗಿತ್ತು. ಆ ಸಲಹೆ ನೂರಕ್ಕೂ ಹೆಚ್ಚು ವರ್ಷ ಉಳಿದುಕೊಂಡಿತು.

ಹೀಗೆ ಚರ್ಮ ಮತ್ತು ಅದರ ಕೆಳಗಿನ ಮಾಂಸ ಹೆಪ್ಪುಗಟ್ಟುವುದನ್ನು ಫ್ರಾಸ್ಟ್‌ಬೈಟ್ ಎನ್ನುತ್ತಾರೆ. ಆಗ ಜೀವಕೋಶಗಳ ಸುತ್ತ ಐಸ್ ಹರಳುಗಳು ಇರುತ್ತವೆ. ಉಜ್ಜಿದರೆ ಚರ್ಮ ಒಳಗಿಂದಲೇ ಹರಿಯುತ್ತದೆ. ಸರಿಯಾದ ಕ್ರಮ ಹೀಗಿದೆ:

• ಮೊದಲು ಒಳಗೆ ಬನ್ನಿ. ಒದ್ದೆ ಗ್ಲೌಸ್, ಸಾಕ್ಸ್, ಉಂಗುರ ತೆಗೆಯಿರಿ.
• ಉಗುರುಬೆಚ್ಚಗಿನ ನೀರಿನಲ್ಲಿ, ಅಂದರೆ ಸುಮಾರು 37ರಿಂದ 39 ಡಿಗ್ರಿಯ ನೀರಿನಲ್ಲಿ, ಬೆರಳು ಮುಳುಗಿಸಿಡಿ. ಮರಗಟ್ಟಿದ ಕೈಗೆ ಬಿಸಿ ಗೊತ್ತಾಗುವುದಿಲ್ಲ, ಆದ್ದರಿಂದ ನೀರನ್ನು ಬೇರೆಯವರು ಮುಟ್ಟಿ ನೋಡಲಿ.
• ಹೀಟರ್, ಒಲೆ, ಹೇರ್ ಡ್ರೈಯರ್ ಬೇಡ. ಗೊತ್ತಾಗದೆಯೇ ಸುಟ್ಟುಹೋಗುತ್ತದೆ.
• ಮತ್ತೆ ಚಳಿಗೆ ಹೋಗಲೇಬೇಕಾದ ಸ್ಥಿತಿ ಇದ್ದರೆ ಬಿಸಿ ಮಾಡಬೇಡಿ. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಹೆಚ್ಚು.
• ಗುಳ್ಳೆ ಎದ್ದರೆ, ಬಣ್ಣ ಬದಲಾಗಿದ್ದರೆ, ಸ್ಪರ್ಶ ಮರಳದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ನಮ್ಮಂಥ ಕಂದು ಚರ್ಮದಲ್ಲಿ ಕೆಂಪಾಗುವುದು, ಬಿಳಿಚುವುದು ಸರಿಯಾಗಿ ಕಾಣದಿರಬಹುದು. ಬಣ್ಣಕ್ಕಿಂತ ಸ್ಪರ್ಶವನ್ನು ನಂಬಿ. ಚುಚ್ಚಿ ನೋಯುತ್ತಿದ್ದ ಬೆರಳು ಇದ್ದಕ್ಕಿದ್ದಂತೆ ನೋಯುವುದು ನಿಂತರೆ "ಅಭ್ಯಾಸವಾಯಿತು" ಎಂದುಕೊಳ್ಳಬೇಡಿ. ಎಚ್ಚರಿಕೆಯ ಗಂಟೆ ಅದೇ.

ನಂಬಿಕೆ 6: ನಡುಕ ನಿಂತರೆ ಮೈ ಚಳಿಗೆ ಒಗ್ಗಿತು

ಇದಕ್ಕಿಂತ ದೊಡ್ಡ ತಪ್ಪಿಲ್ಲ. ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ಗಡಗಡ ನಡುಕ, ನಂತರ ಮಾತು ತೊದಲುವುದು, ಕೈಯಿಂದ ವಸ್ತು ಜಾರುವುದು, ಎಡವುವುದು, ಮಂಕು. ಇನ್ನೂ ಕೆಳಗಿಳಿದಾಗ ನಡುಕವೇ ನಿಲ್ಲುತ್ತದೆ. ಕಷ್ಟವೆಂದರೆ ಆ ಮಂಕಿನಲ್ಲಿ ತನಗೇನಾಗುತ್ತಿದೆ ಎಂದು ಅವರಿಗೇ ತಿಳಿಯುವುದಿಲ್ಲ. ಹೊರಗಿಂದ ಬಂದ ಸಹೋದ್ಯೋಗಿ ಚಿಲ್ಲರೆ ಎಣಿಸಲು ತಡವರಿಸುತ್ತಿದ್ದರೆ ನಗಬೇಡಿ. 911ಕ್ಕೆ ಕರೆ ಮಾಡಿ, ಒದ್ದೆ ಬಟ್ಟೆ ತೆಗೆದು, ಕಂಬಳಿ ಹೊದಿಸಿ, ಮೊದಲು ಎದೆ, ಕುತ್ತಿಗೆ, ತಲೆಯನ್ನು ಬೆಚ್ಚಗೆ ಮಾಡಿ. ಕೈಕಾಲು ತಿಕ್ಕಬೇಡಿ.

ಕೆಲಸದ ಜಾಗದ ಚಿಕ್ಕ ಅಪಾಯಗಳು

ಪೆಟ್ರೋಲ್: ಹೆಪ್ಪುಗಟ್ಟುವ ಚಳಿಯಲ್ಲೂ ಅದು ದ್ರವವಾಗಿಯೇ ಇರುತ್ತದೆ. ಕೈಮೇಲೆ ಚೆಲ್ಲಿದರೆ ಆವಿಯಾಗುತ್ತ ಚರ್ಮದ ಶಾಖವನ್ನು ಎಳೆದುಕೊಳ್ಳುತ್ತದೆ. ಒದ್ದೆಯಾದ ಗ್ಲೌಸ್ ಕೂಡಲೇ ಬದಲಿಸಿ.

ಲೋಹ: ಟ್ರಾಲಿ, ಶಟರ್, ಬೀಗವನ್ನು ಬರಿಗೈಯಲ್ಲಿ ಹಿಡಿಯಬೇಡಿ.

ಹಿಮ ಎತ್ತುವುದು: ಚಳಿಗೆ ರಕ್ತನಾಳ ಕುಗ್ಗಿ ರಕ್ತದೊತ್ತಡ ಏರಿರುತ್ತದೆ, ಜೊತೆಗೆ ಭಾರದ ಕೆಲಸ. ಹೃದಯದ ತೊಂದರೆ ಇರುವವರಿಗೆ ಇದು ನಿಜವಾದ ಅಪಾಯ. ತುಂಬಿದ ಸಲಿಕೆ ಎತ್ತುವ ಬದಲು ಸ್ವಲ್ಪ ಸ್ವಲ್ಪವೇ ತಳ್ಳಿ.

ಉಪ್ಪು: ಸಾಮಾನ್ಯ ಉಪ್ಪು ಸುಮಾರು ಮೈನಸ್ 9 ಡಿಗ್ರಿಯ ಕೆಳಗೆ ಐಸ್ ಅನ್ನು ಸರಿಯಾಗಿ ಕರಗಿಸುವುದಿಲ್ಲ. ಅಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಹಿಡಿತಕ್ಕಾಗಿ ಮರಳು ಬೇಕು. ಬಿಸಿನೀರು ಸುರಿದರೆ ಅದು ಮತ್ತೆ ಗಟ್ಟಿಯಾಗಿ ಇನ್ನೂ ಜಾರುತ್ತದೆ.

ಕಾರು: ಹಿಮದಲ್ಲಿ ಸಿಕ್ಕಿಕೊಂಡರೆ ಸೈಲೆನ್ಸರ್ ಬಾಯಿ ಮುಚ್ಚಿದೆಯೇ ನೋಡಿ. ಮುಚ್ಚಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷ ಒಳಗೆ ತುಂಬುತ್ತದೆ. ಹಿಮ ತೆಗೆದು, ಗಂಟೆಗೆ ಸುಮಾರು 10 ನಿಮಿಷ ಮಾತ್ರ ಎಂಜಿನ್ ಓಡಿಸಿ, ಕಿಟಕಿ ಸ್ವಲ್ಪ ತೆರೆದಿಡಿ. ಕಾರು ಬಿಟ್ಟು ಬಿರುಗಾಳಿಯಲ್ಲಿ ನಡೆಯಬೇಡಿ.

ಇಷ್ಟು ಚಳಿಯಲ್ಲಿ "ಆಗಲ್ಲ" ಎನ್ನಬಹುದೇ?

ಹೊರಗೆ ದುಡಿಯಲು ಕನಿಷ್ಠ ತಾಪಮಾನ ಇಷ್ಟಿರಬೇಕು ಎಂದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇಲ್ಲ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲೂ ಇಲ್ಲ. ಹಾಗೆಂದು ಮಾಲೀಕರಿಗೆ ಹೊಣೆಯೇ ಇಲ್ಲ ಎಂದಲ್ಲ. ಕೆಲಸಗಾರರನ್ನು ಗೊತ್ತಿರುವ ಅಪಾಯಗಳಿಂದ ಕಾಪಾಡುವುದು ಎರಡೂ ಕಡೆ ಕಾನೂನಿನ ಹೊಣೆ. ಅನೇಕ ಕನ್ನಡಿಗ ವಿದ್ಯಾರ್ಥಿಗಳು ಪಾರ್ಟ್ ಟೈಮ್ ದುಡಿಯುವ ಒಂಟಾರಿಯೊದಲ್ಲಿ ಒಳಾಂಗಣ ಕೆಲಸದ ಜಾಗ, ಕೆಲವು ವಿನಾಯಿತಿ ಬಿಟ್ಟರೆ, ಕನಿಷ್ಠ 18 ಡಿಗ್ರಿ ಇರಬೇಕು. ಕೆಲಸದ ಜಾಗ ಅಪಾಯಕಾರಿ ಎಂದು ಅನ್ನಿಸಲು ಕಾರಣವಿದ್ದರೆ ಆ ಕೆಲಸ ನಿರಾಕರಿಸುವ ಹಕ್ಕೂ ಇದೆ. ಮೊದಲು ಮೇಲ್ವಿಚಾರಕರಿಗೆ ಕಾರಣ ಹೇಳಬೇಕು, ಸುರಕ್ಷಿತ ಜಾಗದಲ್ಲಿ ಕಾಯಬೇಕು. ಬಗೆಹರಿಯದಿದ್ದರೆ ಸರ್ಕಾರದ ಇನ್ಸ್‌ಪೆಕ್ಟರ್ ಬರುತ್ತಾರೆ. ಹೀಗೆ ಹಕ್ಕು ಬಳಸಿದ್ದಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ವಿದ್ಯಾರ್ಥಿ ವೀಸಾದವರಿಗೂ ಇದು ಅನ್ವಯಿಸುತ್ತದೆ.

ಎಷ್ಟು ಹೊತ್ತು ಹೊರಗಿರಬಹುದು ಎಂಬುದಕ್ಕೂ ಒಂದು ಮಾರ್ಗಸೂಚಿ ಇದೆ. ಕೆನಡಾದ ಸಸ್ಕ್ಯಾಚೆವಾನ್‌ನ ಕಾರ್ಮಿಕ ಇಲಾಖೆ ರೂಪಿಸಿದ ಕೋಷ್ಟಕ ಈಗ ಬೇರೆ ಕಡೆಯೂ ಬಳಕೆಯಲ್ಲಿದೆ. ಅದರ ಪ್ರಕಾರ ಮೈನಸ್ 29ರಿಂದ 31 ಡಿಗ್ರಿಯಲ್ಲಿ, ಗಂಟೆಗೆ 8 ಕಿ.ಮೀ. ಗಾಳಿ ಇದ್ದರೆ ಒಮ್ಮೆಗೆ ಹೆಚ್ಚೆಂದರೆ 75 ನಿಮಿಷ, 32 ಕಿ.ಮೀ. ಗಾಳಿ ಇದ್ದರೆ 30 ನಿಮಿಷ. ನಡುನಡುವೆ ಬೆಚ್ಚಗಿನ ಜಾಗದಲ್ಲಿ 10 ನಿಮಿಷ ವಿರಾಮ. ಇದು ಒಣಗಿದ, ತಕ್ಕ ಬಟ್ಟೆ ತೊಟ್ಟು ಮೈಮುರಿದು ದುಡಿಯುವವರ ಲೆಕ್ಕ. ಸುಮ್ಮನೆ ನಿಂತು ಕಾಯುವವರಿಗೆ ಸಮಯ ಇನ್ನೂ ಕಡಿಮೆ.

ಸಂಬಳದ ವಿಷಯವೂ ಗೊತ್ತಿರಲಿ. ಒಂಟಾರಿಯೊದಲ್ಲಿ ಕೆಲಸಕ್ಕೆ ಕರೆಸಿ ಬೇಗ ವಾಪಸ್ ಕಳಿಸಿದರೆ ಸಾಮಾನ್ಯವಾಗಿ 3 ಗಂಟೆಯ ಕೂಲಿ ಕೊಡಬೇಕು. ಆದರೆ ಬಿರುಗಾಳಿ, ವಿದ್ಯುತ್ ಕಡಿತದಂಥ ಕಾರಣಕ್ಕೆ ಕೆಲಸ ನಿಂತರೆ ಆ ನಿಯಮ ಅನ್ವಯಿಸುವುದಿಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಗಂಟೆ ಲೆಕ್ಕದವರಿಗೆ ದುಡಿದ ಗಂಟೆಗೆ ಮಾತ್ರ ಸಂಬಳ. ಒಂದು ದಿನದ ಕೂಲಿ ಹೋದೀತೆಂಬ ಭಯವೇ ಎಷ್ಟೋ ಜನರನ್ನು ಬಿರುಗಾಳಿಯಲ್ಲೂ ಮನೆಯಿಂದ ಹೊರಡಿಸುತ್ತದೆ. ಆದ್ದರಿಂದ ಚಳಿಗಾಲ ಶುರುವಾಗುವ ಮೊದಲೇ "ಅಂಗಡಿ ಮುಚ್ಚಿದರೆ ಏನು ನಿಯಮ?" ಎಂದು ಕೇಳಿ ಮೆಸೇಜ್‌ನಲ್ಲಿ ಉತ್ತರ ಪಡೆಯುವುದು ಒಳ್ಳೆಯದು.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

• ತಾಪಮಾನದ ಜೊತೆ ವಿಂಡ್ ಚಿಲ್ ಕೂಡ ನೋಡು.
• ಬೆವತ ಮೈಯಲ್ಲಿ ಹೊರಗೆ ಹೋಗಬೇಡ. "ಐದು ನಿಮಿಷ"ಕ್ಕೂ ಗ್ಲೌಸ್, ಟೋಪಿ, ಜಾಕೆಟ್ ಹಾಕು.
• ನೋವು ನಿಂತರೆ, ನಡುಕ ನಿಂತರೆ ಕೂಡಲೇ ಒಳಗೆ ಬಾ.
• ಉಜ್ಜಬೇಡ, ಬೆಂಕಿಗೆ ಹಿಡಿಯಬೇಡ, ಕುಡಿಯಬೇಡ.
• ಸಂಚಾರ ನಿಷೇಧದ ಎಚ್ಚರಿಕೆ ಬಂದರೆ ಹೊರಡಬೇಡ. ಹೋದ ಕೂಲಿ ಮುಂದಿನ ವಾರ ದುಡಿಯಬಹುದು.