ಲೆಕ್ಕದ ಪುಸ್ತಕದಿಂದ ಪದವಿಯವರೆಗೆ: ವ್ಯವಹಾರ ನಿರ್ವಹಣೆಯ ಪಠ್ಯಕ್ರಮ ರೂಪುಗೊಂಡ ಬಗೆ

ವ್ಯವಹಾರ ನಿರ್ವಹಣೆಯ ಸ್ನಾತಕ ಪದವಿಗೆ, ಅಂದರೆ ಕರ್ನಾಟಕದಲ್ಲಿ ಬಹುಕಾಲ ಬಿಬಿಎಂ ಎಂದೂ ಈಚೆಗೆ ಬಿಬಿಎ ಎಂದೂ ಕರೆಯಲಾಗುವ ಪದವಿಗೆ, ಗೊತ್ತುಪಡಿಸಿರುವ ವಿಷಯಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಿಗೆ ಅದರ ಹಿಂದಿನ ಯೋಜನೆ ಏನೆಂಬುದು ಥಟ್ಟನೆ ಹೊಳೆಯುವುದಿಲ್ಲ. ಲೆಕ್ಕಶಾಸ್ತ್ರದ ಪಕ್ಕದಲ್ಲಿ ಭಾಷೆ, ಕಂಪನಿ ಕಾನೂನಿನ ಬೆನ್ನಿಗೆ ಉದ್ಯೋಗಸ್ಥಳದಲ್ಲಿ ಮನುಷ್ಯರ ನಡವಳಿಕೆಯನ್ನು ಪರಿಶೀಲಿಸುವ ಸಾಂಸ್ಥಿಕ ವರ್ತನೆ, ಸಂಖ್ಯಾಶಾಸ್ತ್ರದ ಜೊತೆಗೆ ಭಾರತದ ಸಂವಿಧಾನ, ಹೀಗೆ ಒಂದಕ್ಕೊಂದು ನಂಟಿಲ್ಲದಂತೆ ತೋರುವ ವಿಷಯಗಳು ಆರು ಸೆಮಿಸ್ಟರುಗಳಲ್ಲಿ ಹಂಚಿಕೊಂಡಿರುತ್ತವೆ. ಇವುಗಳನ್ನು ಯಾರೋ ಒಬ್ಬರು ಕುಳಿತು ಒಮ್ಮೆಗೇ ಜೋಡಿಸಿಲ್ಲ. ವ್ಯಾಪಾರಿಯ ಲೆಕ್ಕದ ಪುಸ್ತಕಕ್ಕೂ ವಿಶ್ವವಿದ್ಯಾಲಯದ ಸಾಮಾನ್ಯ ವಿದ್ಯೆಗೂ ನಡುವೆ ಸುಮಾರು 140 ವರ್ಷಗಳಿಂದ ನಡೆದಿರುವ ಜಗ್ಗಾಟದಲ್ಲಿ ಆಗಾಗ ಆದ ರಾಜಿಗಳೇ ಒಂದೊಂದು ವಿಷಯವಾಗಿ ಈ ಪಟ್ಟಿಯಲ್ಲಿ ಉಳಿದಿವೆ.

ವ್ಯಾಪಾರವನ್ನು ಶಾಲೆಯಲ್ಲಿ ಕಲಿಸುವ ಪ್ರಯತ್ನ ಯೂರೋಪಿನಲ್ಲಿ ಮೊದಲಾಗಿತ್ತಾದರೂ, ಅದನ್ನು ವಿಶ್ವವಿದ್ಯಾಲಯದ ಸ್ನಾತಕ ಪದವಿಯೊಳಗೆ ತಂದು ಗಟ್ಟಿಯಾಗಿ ನಿಲ್ಲಿಸಿದ ಊರು ಅಮೆರಿಕದ ಫಿಲಡೆಲ್ಫಿಯಾ. ಅಲ್ಲಿನ ಕ್ವೇಕರ್ ಮನೆತನದಲ್ಲಿ 1826ರಲ್ಲಿ ಹುಟ್ಟಿದ ಜೋಸೆಫ್ ವಾರ್ಟನ್ ಹರೆಯದಲ್ಲಿ ಎರಡು ವರ್ಷ ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಉಮೇದುವಾರನಾಗಿ ಲೆಕ್ಕ ಬರೆಯುವುದನ್ನು ಕಲಿತು, ಮುಂದೆ ಸತು ಮತ್ತು ನಿಕ್ಕಲ್ ಉದ್ಯಮದಲ್ಲಿ ದೊಡ್ಡ ಸಂಪತ್ತು ಗಳಿಸಿ, ಬೆತ್ಲೆಹೆಮ್‌ನ ಕಬ್ಬಿಣದ ಕಾರ್ಖಾನೆಯಲ್ಲೂ ಪ್ರಮುಖ ಪಾಲುದಾರನಾದವನು. ಆತನು 1881ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಧರ್ಮದರ್ಶಿಗಳಿಗೆ ಬರೆದ ಪತ್ರದಲ್ಲಿ 1,00,000 ಡಾಲರ್ ದತ್ತಿಯ ಜೊತೆಗೆ ಪಠ್ಯಕ್ರಮದ ವಿವರವಾದ ನಕ್ಷೆಯನ್ನೂ ಮುಂದಿಟ್ಟನು. ಗುಮಾಸ್ತನ ಮೇಜಿನಲ್ಲಿ ಕುಳಿತು ಕಲಿಯುವ ಹಳೆಯ ಕ್ರಮ ಶಿಥಿಲವಾಗಿದೆ, ದೊಡ್ಡ ಕಚೇರಿಗಳಲ್ಲಿ ಹುಡುಗನೊಬ್ಬನಿಗೆ ಅವನ ಪಾಲಿನ ಚೂರು ಕೆಲಸದಾಚೆಗೆ ಏನನ್ನೂ ಯಾರೂ ಹೇಳಿಕೊಡುವುದಿಲ್ಲ ಎಂಬುದು ಅವನ ವಾದವಾಗಿತ್ತು. ತಾನೇ ಆ ದಾರಿಯಲ್ಲಿ ಬಂದವನಾದ್ದರಿಂದ ಈ ಮಾತಿಗೆ ತೂಕವಿತ್ತು.

ಆ ನಕ್ಷೆಯಲ್ಲಿದ್ದ ವಿಷಯಗಳನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಲೆಕ್ಕ ಬರೆಯುವ ಕ್ರಮ, ಹಣ ಮತ್ತು ಚಲಾವಣೆ, ತೆರಿಗೆ, ಕೈಗಾರಿಕೆ-ವಾಣಿಜ್ಯ-ಸಾರಿಗೆ, ವ್ಯಾಪಾರಕ್ಕೆ ಸಂಬಂಧಿಸಿದ ಕಾನೂನು ಇವು ಅದರ ಮುಖ್ಯ ಪೀಠಗಳು. ಮುಷ್ಕರಗಳ ಸ್ವರೂಪವೇನು, ಅವುಗಳನ್ನು ತಡೆಯುವುದು ಹೇಗೆ ಎಂಬುದರಿಂದ ಹಿಡಿದು, ಹೇರಳ ಬಂಡವಾಳವನ್ನೂ ಅಸಂಖ್ಯ ಕಾರ್ಮಿಕರನ್ನೂ ಒಬ್ಬ ನಾಯಕನ ಕೈಕೆಳಗೆ ಶಿಸ್ತಿನಿಂದ ಒಗ್ಗೂಡಿಸಬೇಕಾದ ಅಗತ್ಯದವರೆಗೆ ಏನೇನು ಬೋಧಿಸಬೇಕು ಎಂಬುದನ್ನೂ ದಾನಿಯೇ ನಿಗದಿಪಡಿಸಿದ್ದನು. ಆಮದು ಸುಂಕದ ಮೂಲಕ ದೇಶದ ಕೈಗಾರಿಕೆಯನ್ನು ಕಾಯುವ ರಕ್ಷಣಾ ನೀತಿಯನ್ನು ಅಳುಕಿಲ್ಲದೆ, ಸಮಜಾಯಿಷಿಯ ಧಾಟಿಗಿಳಿಯದೆ ಕಲಿಸಬೇಕೆಂಬುದು ಅವನ ಸ್ಪಷ್ಟ ಷರತ್ತು. ನಿಕ್ಕಲ್ಲಿನ ಮೇಲೆ ಸುಂಕವಿದ್ದರೆ ಲಾಭ ಯಾರಿಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ಪತ್ರವನ್ನು ಸ್ವಾರ್ಥದ ಕಾಗದವೆಂದು ತಳ್ಳಿಹಾಕುವುದು ಅವಸರವಾದೀತು. ಇಂದಿನ ಪಟ್ಟಿಯಲ್ಲಿರುವ ಲೆಕ್ಕಶಾಸ್ತ್ರ, ಹಣಕಾಸು, ತೆರಿಗೆ, ವ್ಯವಹಾರ ಕಾನೂನು ಈ ನಾಲ್ಕರ ಬೀಜವೂ ಅದರಲ್ಲಿಯೇ ಇದೆ.

ಆ ದತ್ತಿಯಿಂದ ಹುಟ್ಟಿದ ವಾರ್ಟನ್ ಶಾಲೆಯಲ್ಲಿ ಈ ನಕ್ಷೆ ಹಾಗೆಯೇ ಜಾರಿಗೆ ಬರಲಿಲ್ಲ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1883ರಲ್ಲಿ ಈ ಶಾಲೆ ಸೇರಿದ ಎಡ್ಮಂಡ್ ಜೇಮ್ಸ್ ಅದರ ಮುಖವನ್ನು ಅರ್ಥಶಾಸ್ತ್ರ, ಆಡಳಿತ, ಸಮಾಜವಿಜ್ಞಾನಗಳ ಕಡೆಗೆ ತಿರುಗಿಸಿದನು. ಮೊದಮೊದಲು ವಿದ್ಯಾರ್ಥಿಗಳು ಎರಡು ವರ್ಷ ಸಾಮಾನ್ಯ ಕಲಾವಿಷಯಗಳನ್ನು ಓದಿದ ಮೇಲಷ್ಟೇ ಈ ಶಾಲೆಗೆ ಬರುತ್ತಿದ್ದುದರಿಂದ ವ್ಯಾಪಾರವಿದ್ಯೆ ಸಾಮಾನ್ಯ ವಿದ್ಯೆಯ ಮೇಲೆ ಕಟ್ಟಿದ ಎರಡನೆಯ ಅಂತಸ್ತಿನಂತಿತ್ತು. ನಾಲ್ಕು ವರ್ಷಗಳ ಪೂರ್ಣ ಪಠ್ಯಕ್ರಮ ರೂಪುಗೊಂಡದ್ದು 1890ರ ದಶಕದಲ್ಲಿ. 1884ರಲ್ಲಿ ಹೊರಬಂದ ಮೊದಲ ತಂಡದ ಐವರಲ್ಲಿ ಜಪಾನಿನ ಶಿಬಾ ಶಿರೋ ಒಬ್ಬನಾಗಿದ್ದನು. ಊರಿಗೆ ಮರಳಿ ಅವನು ಹೆಸರು ಮಾಡಿದ್ದು ವ್ಯಾಪಾರದಿಂದಲ್ಲ, ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನಲ್ಲಿ ಆರಂಭವಾಗುವ ಒಂದು ರಾಜಕೀಯ ಕಾದಂಬರಿಯಿಂದ. ಫಿಲಡೆಲ್ಫಿಯಾದ ಕಪ್ಪುಜನರ ಬದುಕನ್ನು ಕುರಿತು ಡಬ್ಲ್ಯು. ಇ. ಬಿ. ಡು ಬೋಯ್ಸ್ ನಡೆಸಿ 1899ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ನೆಲೆಯಾದದ್ದೂ ಇದೇ ಶಾಲೆಯ ಸಮಾಜವಿಜ್ಞಾನದ ವಾತಾವರಣ. ಈ ವಿಶಾಲತೆ ಎಲ್ಲರಿಗೂ ರುಚಿಸಲಿಲ್ಲ. ಬಾಲಕಾರ್ಮಿಕ ಪದ್ಧತಿಯನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದ ಅರ್ಥಶಾಸ್ತ್ರದ ಅಧ್ಯಾಪಕ ಸ್ಕಾಟ್ ನಿಯರಿಂಗ್‌ನ ನೇಮಕವನ್ನು 1915ರಲ್ಲಿ ಧರ್ಮದರ್ಶಿಗಳು ಮುಂದುವರಿಸದಿದ್ದಾಗ ಶಾಲೆಯ ಒಡೆತನ ಯಾರದೆಂಬ ಪ್ರಶ್ನೆ ದೇಶದ ಪತ್ರಿಕೆಗಳವರೆಗೂ ಹೋಯಿತು.

ಹೊಸ ವಿಷಯಗಳು ಎಷ್ಟೇ ಬಂದರೂ ಪಟ್ಟಿಯ ತಲೆಯಲ್ಲಿ ಲೆಕ್ಕಶಾಸ್ತ್ರವೇ ಕುಳಿತಿದೆ. ವಿಶ್ವವಿದ್ಯಾಲಯಗಳಿಗಿಂತ ಹಳೆಯದಾದ ಕಸುಬೊಂದು ಅಲ್ಲಿಗೆ ಬರುವಾಗಲೇ ಪೂರ್ಣ ರೂಪ ಪಡೆದುಕೊಂಡಿದ್ದುದು ಅದಕ್ಕೆ ಕಾರಣ. ಇಟಲಿಯ ವರ್ತಕರು ಬಳಸುತ್ತಿದ್ದ ಜೋಡಿ ನಮೂದು ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಸಂನ್ಯಾಸಿ ಗಣಿತಜ್ಞನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದ ಒಂದು ಭಾಗದಲ್ಲಿ ವಿವರಿಸಿದ್ದನು. ಪ್ರತಿಯೊಂದು ವ್ಯವಹಾರವನ್ನೂ ಸಮಮೊತ್ತದ ಎರಡು ನಮೂದುಗಳಾಗಿ, ಒಂದು ಖಾತೆಯ ಖರ್ಚಿನ ಕಡೆಗೂ ಇನ್ನೊಂದು ಖಾತೆಯ ಜಮಾ ಕಡೆಗೂ ಬರೆಯುವುದು ಇದರ ತಿರುಳು. ವ್ಯಾಪಾರಿಯೊಬ್ಬ ನೇಕಾರನಿಂದ 500 ರೂಪಾಯಿ ಬಟ್ಟೆಯನ್ನು ಸಾಲಕ್ಕೆ ತಂದರೆ ಖರೀದಿ ಖಾತೆಯಲ್ಲಿ 500 ಖರ್ಚು, ನೇಕಾರನ ಖಾತೆಯಲ್ಲಿ 500 ಜಮಾ ಆಗುತ್ತದೆ. ಮೊದಲು ಕಿರ್ದಿಯಲ್ಲಿ ದಿನಾಂಕದ ಕ್ರಮದಲ್ಲಿ ಬರೆದ ಇದನ್ನು ಆಮೇಲೆ ಖಾತೆ ಪುಸ್ತಕಕ್ಕೆ ಏರಿಸಿ, ಅವಧಿಯ ಕೊನೆಗೆ ಎಲ್ಲ ಖಾತೆಗಳ ಬಾಕಿಗಳನ್ನು ಎರಡು ಸಾಲಿನಲ್ಲಿ ಕೂಡಿದಾಗ ಮೊತ್ತ ಸಮವಾಗಬೇಕು. ಇದೇ ತಾಳೆಪಟ್ಟಿ. ಒಂದು ಕಡೆ ಬರೆದು ಇನ್ನೊಂದು ಕಡೆ ಮರೆತರೆ ತಾಳೆಪಟ್ಟಿ ಕೂಡಲೇ ಹಿಡಿಯುತ್ತದೆ, ಆದರೆ ಒಬ್ಬ ನೇಕಾರನ ಹೆಸರಿನಲ್ಲಿ ಬರೆಯಬೇಕಾದುದನ್ನು ಇನ್ನೊಬ್ಬನ ಹೆಸರಿನಲ್ಲಿ ಬರೆದರೆ ಅದಕ್ಕೆ ಗೊತ್ತಾಗುವುದೇ ಇಲ್ಲ. ಮೊದಲ ಸೆಮಿಸ್ಟರಿನ ವಿದ್ಯಾರ್ಥಿ ಇಂದಿಗೂ ಕಲಿಯುವುದು ಇದೇ ಕ್ರಮವನ್ನು. ಅಭ್ಯಾಸದಿಂದ ಬರುವಂಥದು, ಪರೀಕ್ಷೆಯಲ್ಲಿ ಸರಿ-ತಪ್ಪನ್ನು ತಕರಾರಿಲ್ಲದೆ ಅಳೆಯಬಹುದಾದದ್ದು ಎಂಬ ಎರಡು ಗುಣಗಳಿಂದಾಗಿ ಲೆಕ್ಕಶಾಸ್ತ್ರ ಅಧ್ಯಾಪಕರಿಗೂ ಪರೀಕ್ಷಾ ಮಂಡಳಿಗಳಿಗೂ ಪ್ರಿಯವಾಯಿತು.

ಉಳಿದ ವಿಷಯಗಳು ಸೇರಿದ್ದು ಆಯಾ ಕಾಲದ ಒತ್ತಡಕ್ಕೆ. ವಿಮೆ 1904ರಲ್ಲಿಯೂ ಸರಕುಗಳ ಮಾರಾಟ ಕುರಿತ ಪಾಠ 1905ರಲ್ಲಿಯೂ ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿಕೊಂಡವು. ನಿರ್ವಹಣೆ ಎಂಬ ವಿಷಯವಂತೂ ತರಗತಿಯಲ್ಲಿ ಹುಟ್ಟಿದ್ದೇ ಅಲ್ಲ. ಫಿಲಡೆಲ್ಫಿಯಾದವನೇ ಆದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ, ಅಂದರೆ ವಾರ್ಟನ್ ಪಾಲುದಾರನಾಗಿದ್ದ ಕಾರ್ಖಾನೆಯಲ್ಲಿಯೇ, ಕೂಲಿಕಾರರ ಒಂದೊಂದು ಚಲನೆಗೆ ತಗಲುವ ಸಮಯವನ್ನು ಗಡಿಯಾರ ಹಿಡಿದು ಅಳೆದು, ಕೆಲಸವನ್ನು ಯೋಜಿಸುವವರೇ ಬೇರೆ, ಮಾಡುವವರೇ ಬೇರೆ ಎಂದು ವಿಂಗಡಿಸಿದ ಅನುಭವ 1911ರಲ್ಲಿ ಪುಸ್ತಕವಾಗಿ ಬಂದ ಮೇಲೆ ಅದು ಬೋಧನೆಯ ವಿಷಯವಾಯಿತು. ಇದರ ಒಣ ಲೆಕ್ಕಾಚಾರಕ್ಕೆ ಎದುರಾಗಿ ಬೆಳೆದದ್ದು ಕಾರ್ಮಿಕನ ಮನಸ್ಸಿನ ಅಧ್ಯಯನ. 1923ರಿಂದ ಕೆಲವು ವರ್ಷ ಪೆನ್ಸಿಲ್ವೇನಿಯಾದಲ್ಲಿದ್ದು ಆಮೇಲೆ ಹಾರ್ವರ್ಡ್‌ಗೆ ಹೋದ ಎಲ್ಟನ್ ಮೇಯೊನ ಹೆಸರು, 1924ರಿಂದ 1932ರವರೆಗೆ ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳೊಂದಿಗೆ ಸೇರಿಹೋಗಿದೆ. ಆ ಪ್ರಯೋಗಗಳಿಂದ ಎಳೆದ ತೀರ್ಮಾನಗಳು ಎಷ್ಟು ಗಟ್ಟಿ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದ ಮುಗಿದಿಲ್ಲವಾದರೂ, ಸಾಂಸ್ಥಿಕ ವರ್ತನೆಯ ಪಠ್ಯಪುಸ್ತಕಗಳು ಅವುಗಳನ್ನು ಪುರಾಣದಂತೆ ಪುನರುಕ್ತಿಸುತ್ತಲೇ ಬಂದಿವೆ.

ವಿಷಯಗಳು ಹೀಗೆ ಹೆಚ್ಚುತ್ತ ಹೋದಾಗ ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಗೆರೆ ಎಳೆಯುವ ಕೆಲಸವನ್ನು 1916ರಲ್ಲಿ ವಾಣಿಜ್ಯ ಶಾಲೆಗಳೇ ಕೂಡಿ ಕಟ್ಟಿಕೊಂಡ ಎಎಸಿಎಸ್‌ಬಿ ಎಂಬ ಒಕ್ಕೂಟ ವಹಿಸಿಕೊಂಡಿತು. ಮಾನ್ಯತೆ ಬಯಸುವ ಶಾಲೆಯಲ್ಲಿ ಓದಿನ ಕನಿಷ್ಠ ಶೇ. 40 ಭಾಗ ವಾಣಿಜ್ಯ ಮತ್ತು ಅರ್ಥಶಾಸ್ತ್ರಕ್ಕೆ, ಕನಿಷ್ಠ ಶೇ. 40 ಭಾಗ ಅದರ ಹೊರಗಿನ ಸಾಮಾನ್ಯ ವಿಷಯಗಳಿಗೆ ಮೀಸಲಾಗಿರಬೇಕೆಂಬ ನಿಯಮ ಹುಟ್ಟಿದ್ದು ಈ ಒಕ್ಕೂಟದಲ್ಲಿಯೇ. ಎರಡು ಪಕ್ಷಗಳೂ ಒಪ್ಪಿದ ಒಪ್ಪಂದದ ಪತ್ರದಂತೆ ಇದು ತೋರುತ್ತದೆ.

ಒಪ್ಪಂದ ಬಾಳಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಸೈನಿಕರು ಮರಳಿ ಕಾಲೇಜುಗಳಿಗೆ ನುಗ್ಗಿದಾಗ ವ್ಯಾಪಾರ ಶಾಲೆಗಳು ಸಣ್ಣಸಣ್ಣ ಕಸುಬುಗಳಿಗೂ ಒಂದೊಂದು ಪಾಠ ತೆರೆದು ಹಿಗ್ಗಿದವು. 1959ರಲ್ಲಿ ಎರಡು ವರದಿಗಳು ಒಟ್ಟಿಗೆ ಹೊರಬಂದು ಈ ಬೆಳವಣಿಗೆಯನ್ನು ಕಟುವಾಗಿ ಟೀಕಿಸಿದವು: ಫೋರ್ಡ್ ಪ್ರತಿಷ್ಠಾನಕ್ಕಾಗಿ ರಾಬರ್ಟ್ ಗಾರ್ಡನ್ ಮತ್ತು ಜೇಮ್ಸ್ ಹೋವೆಲ್ ಬರೆದದ್ದು ಒಂದು, ಕಾರ್ನೆಗಿ ನಿಧಿಗಾಗಿ ಫ್ರಾಂಕ್ ಪಿಯರ್ಸನ್ ಬರೆದದ್ದು ಇನ್ನೊಂದು. ವಿದ್ಯಾರ್ಥಿಗಳ ಗುಣಮಟ್ಟ ಕಡಿಮೆ, ಪಾಠಗಳು ವಿವರಣೆಯಲ್ಲೇ ತೃಪ್ತ, ಸಂಶೋಧನೆ ದುರ್ಬಲ ಎಂಬುದು ಎರಡರ ಸಾರ. ಪದವಿಯ ಅರ್ಧದಷ್ಟಾದರೂ ಸಾಮಾನ್ಯ ವಿದ್ಯೆಗೆ ಮೀಸಲಾಗಲಿ, ಉಳಿದದ್ದು ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಮತ್ತು ವರ್ತನಾವಿಜ್ಞಾನಗಳ ಬುನಾದಿಯ ಮೇಲೆ ನಿಲ್ಲಲಿ ಎಂಬುದು ಅವುಗಳ ಸಲಹೆ. ಪಿಯರ್ಸನ್ ಅಧ್ಯಾಪಕನಾಗಿದ್ದ ಸ್ವಾರ್ತ್‌ಮೋರ್ ಕಾಲೇಜಿನ ಸ್ಥಾಪಕರಲ್ಲಿ ಜೋಸೆಫ್ ವಾರ್ಟನ್ ಕೂಡ ಒಬ್ಬನೆಂಬುದು ಚರಿತ್ರೆಯ ಒಂದು ತಮಾಷೆ. ಇಂದಿನ ವಿದ್ಯಾರ್ಥಿಯನ್ನು ಹೆದರಿಸುವ ಪರಿಮಾಣಾತ್ಮಕ ವಿಧಾನಗಳ ಪತ್ರಿಕೆ ಎಲ್ಲೆಡೆ ಬೇರೂರಿದ್ದರಲ್ಲಿ ಈ ಎರಡು ವರದಿಗಳ ಪಾಲು ದೊಡ್ಡದು.

ಭಾರತಕ್ಕೆ ವಾಣಿಜ್ಯ ಪದವಿ ಬಂದದ್ದು ಬೇರೊಂದು ದಾರಿಯಿಂದ. ಬ್ರಿಟಿಷರ ಬ್ಯಾಂಕು, ಹಡಗು, ಹತ್ತಿ ಕಚೇರಿಗಳಿದ್ದ ಮುಂಬಯಿಯಲ್ಲಿ 1913ರಲ್ಲಿ ಆರಂಭವಾದ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಮತ್ತು ವ್ಯವಹಾರ ಕಾನೂನಿಗೆ ಹಿರಿತನ ದೊರೆಯಿತು. ಭಾರತೀಯ ಕಂಪನಿಗಳ ಕಾಯಿದೆಯೂ ಅದೇ ವರ್ಷ ಬಂದು ಲೆಕ್ಕಪರಿಶೋಧಕರ ಅಗತ್ಯ ಹೆಚ್ಚಿದ್ದು ಇದನ್ನು ಇನ್ನಷ್ಟು ಗಟ್ಟಿಮಾಡಿತು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾಲಯ ಮತ್ತು ವಾಣಿಜ್ಯ ಮಂಡಳಿ ಒಂದರ ಹಿಂದೊಂದು ಹುಟ್ಟಿದುವು. ಆದರೆ ಕರಾವಳಿಯ ಬ್ಯಾಂಕುಗಳ ಚರಿತ್ರೆ ಪದವಿಯ ಪ್ರತಿಷ್ಠೆಯನ್ನು ಸ್ವಲ್ಪ ತಗ್ಗಿಸುತ್ತದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದ ಹಾಜಿ ಅಬ್ದುಲ್ಲಾ ವರ್ತಕರು. 1925ರ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಟಿ. ಎಂ. ಎ. ಪೈ ವೈದ್ಯರು. ನಿರ್ವಹಣೆ ಎಂಬ ಪತ್ರಿಕೆಯನ್ನು ಇವರಲ್ಲಿ ಯಾರೂ ಬರೆದವರಲ್ಲ.

ನಿರ್ವಹಣೆ ಭಾರತಕ್ಕೆ ಸ್ನಾತಕೋತ್ತರ ಹಂತದಲ್ಲಿ ಇಳಿದುಬಂತು. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದ್‌ಗಳಲ್ಲಿ ಐಐಎಂಗಳು ಹುಟ್ಟಿದಾಗ ಅವುಗಳಿಗೆ ನೆರವಾದದ್ದು ಗಾರ್ಡನ್ ಮತ್ತು ಹೋವೆಲ್‌ರ ವರದಿಗೆ ಹಣ ಕೊಟ್ಟ ಅದೇ ಫೋರ್ಡ್ ಪ್ರತಿಷ್ಠಾನ. ಬೆಂಗಳೂರಿನದು 1973ರಲ್ಲಿ ಸೇರಿಕೊಂಡಿತು. ಅಲ್ಲಿಯ ವಿಷಯಗಳನ್ನು ಸರಳಗೊಳಿಸಿ, ಬಿ.ಕಾಂ.ನ ಲೆಕ್ಕ, ತೆರಿಗೆ, ಲೆಕ್ಕಪರಿಶೋಧನೆಗಳ ಭಾರವನ್ನು ಇಳಿಸಿ, ಮಾರುಕಟ್ಟೆ, ಮಾನವ ಸಂಪನ್ಮೂಲ, ಸಾಂಸ್ಥಿಕ ವರ್ತನೆಗಳನ್ನು ಮುಂದೆ ತಂದು ರೂಪಿಸಿದ ಬಿಬಿಎಂ ಪದವಿ 20ನೇ ಶತಮಾನದ ಕೊನೆಯ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ಜನಪ್ರಿಯವಾಯಿತು. ಅಮೆರಿಕದಲ್ಲಿ ಸಾಹಿತ್ಯ, ಚರಿತ್ರೆ, ವಿಜ್ಞಾನಗಳು ತುಂಬಿದ ಸಾಮಾನ್ಯ ವಿದ್ಯೆಯ ಜಾಗವನ್ನು ಇಲ್ಲಿ ಎರಡು ಭಾಷೆಗಳು, ಪರಿಸರ ಅಧ್ಯಯನ ಮತ್ತು ಸಂವಿಧಾನ ತುಂಬಿದುವು. ವಾಣಿಜ್ಯದ ಅಧ್ಯಾಪಕರು ಬಹಳ ಮಂದಿ ಇವುಗಳನ್ನು ಹೊರೆಯೆಂದು ಭಾವಿಸಿದರೂ, ಪಟ್ಟಿಯಲ್ಲಿ ಹೆಚ್ಚು ಹಳೆಯ ಹಕ್ಕು ಇರುವುದು ಇವು ನಿಂತಿರುವ ಸಾಮಾನ್ಯ ವಿದ್ಯೆಯ ಜಾಗಕ್ಕೇ.

ಯುಜಿಸಿ 2014ರಲ್ಲಿ ಪದವಿಗಳ ಅಧಿಕೃತ ಹೆಸರುಗಳ ಪಟ್ಟಿ ಪ್ರಕಟಿಸಿದ ಬಳಿಕ ಬಿಬಿಎಂ ಹೆಸರು ಬಿಬಿಎ ಆಗಿ ಬದಲಾಯಿತು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಕರ್ನಾಟಕ ತಂದ ನಾಲ್ಕು ವರ್ಷಗಳ ಚೌಕಟ್ಟು 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಅದೇ ವರ್ಷ ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ ಬಿಬಿಎಯನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡು ಮಾದರಿ ಪಠ್ಯಕ್ರಮವೊಂದನ್ನು ಹೊರಡಿಸಿ, ಅದರಲ್ಲಿ ಭಾರತೀಯ ಜ್ಞಾನಪರಂಪರೆಗೂ ಜಾಗ ಕೊಟ್ಟಿತು. ಈ ಜಾಗವನ್ನು ಘೋಷಣೆಗಳಿಂದ ತುಂಬಬೇಕಾದ ಕಷ್ಟ ಕನ್ನಡನಾಡಿಗಂತೂ ಇಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಗಳೂ ಮೊತ್ತವನ್ನು ನಿಗದಿತ ಪ್ರಮಾಣದಲ್ಲಿ ಹಂಚುವ ಲೆಕ್ಕಗಳೂ ಇವೆ. 12ನೇ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವೆಂಬ ಹೆಸರಿನಲ್ಲಿಯೇ ಕನ್ನಡದಲ್ಲಿ ಗ್ರಂಥ ಬರೆದಿದ್ದಾನೆ. ಬಿಬಿಎ ವಿದ್ಯಾರ್ಥಿಯ ವ್ಯವಹಾರ ಗಣಿತದ ಪುಸ್ತಕದಲ್ಲಿ ಇದೇ ಬಗೆಯ ಲೆಕ್ಕಗಳು ಇಂದೂ ಇವೆ, ಆದರೆ ಅವುಗಳ ಜೊತೆಗೆ ಈ ಇಬ್ಬರ ಹೆಸರು ಕಾಣಸಿಗುವುದು ಅಪರೂಪ.