ಗಣಕಯಂತ್ರದ ದಾಖಲೆಪುಸ್ತಕ ಮತ್ತು ಅದನ್ನು ತೊಳೆಯಹೊರಟವರು

ಗಣಕಯಂತ್ರ ನಿಧಾನವಾದಾಗಲೆಲ್ಲ ನನ್ನ ವಿದ್ಯಾರ್ಥಿಮಿತ್ರರಲ್ಲಿ ಕೆಲವರು ಈಗಲೂ ಕೇಳುವುದುಂಟು: "ಸರ್, ಒಳ್ಳೆಯ ರಿಜಿಸ್ಟ್ರಿ ಕ್ಲೀನರ್ ಯಾವುದು?" ಒಂದು ಹೆಸರನ್ನು ಸೂಚಿಸಿ ಸುಮ್ಮನಾಗಬಹುದು. ಆದರೆ ಈ ತಂತ್ರಾಂಶಗಳ ಚರಿತ್ರೆಯನ್ನು ತಿಳಿದುಕೊಂಡರೆ ಆ ಪ್ರಶ್ನೆಯೇ ಬೇರೊಂದು ರೂಪ ತಾಳುತ್ತದೆ. ಆದ್ದರಿಂದ ಆ ಚರಿತ್ರೆಯನ್ನೇ ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ.

ವಿಂಡೋಸ್‌ನ ಆರಂಭದ ದಿನಗಳಲ್ಲಿ ತಂತ್ರಾಂಶಗಳು ತಮ್ಮ ಸಿದ್ಧತೆಯ ವಿವರಗಳನ್ನು 'ಐಎನ್‌ಐ' ಎಂಬ ಬಿಡಿ ಬಿಡಿ ಕಡತಗಳಲ್ಲಿ ಬರೆದಿಡುತ್ತಿದ್ದವು. 1992ರಲ್ಲಿ ಬಂದ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಮೊದಲು ಕಾಣಿಸಿಕೊಂಡಿತು. ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು ಎಂಬಂಥ ಅಲ್ಪ ವಿವರಗಳಷ್ಟೇ ಆಗ ಅದರಲ್ಲಿದ್ದವು. 1995ರ ವಿಂಡೋಸ್ 95ರಲ್ಲಿ ಅದು ಯಂತ್ರಾಂಶ, ತಂತ್ರಾಂಶ, ಬಳಕೆದಾರನ ಇಷ್ಟಾನಿಷ್ಟಗಳೆಲ್ಲವನ್ನೂ ಒಳಗೊಂಡ ಮೂಲ ದಾಖಲೆಪುಸ್ತಕವಾಯಿತು.

ತೊಂದರೆಯೂ ಅಲ್ಲಿಂದಲೇ ಆರಂಭವಾಯಿತು. ತಂತ್ರಾಂಶವನ್ನು ತೆಗೆದುಹಾಕಿದರೂ ಅದರ ನಮೂದುಗಳು ಉಳಿದುಬಿಡುತ್ತಿದ್ದವು. ರಿಜಿಸ್ಟ್ರಿ ಕೆಟ್ಟರೆ ಗಣಕಯಂತ್ರವೇ ಏಳುತ್ತಿರಲಿಲ್ಲ. ವಿಂಡೋಸ್ ಎನ್‌ಟಿ ಮತ್ತು 2000ದಲ್ಲಿ ಅದರ ಗಾತ್ರಕ್ಕೂ ಒಂದು ಮಿತಿಯಿತ್ತು. ಆ ಮಿತಿ ಹೋದದ್ದು 2001ರ ಎಕ್ಸ್‌ಪಿಯಲ್ಲಿ. ಹೀಗಾಗಿ 1990ರ ದಶಕದಲ್ಲಿ ಮೈಕ್ರೋಸಾಫ್ಟ್ ತಾನೇ 'ರೆಗ್‌ಕ್ಲೀನ್' ಎಂಬ ಸಾಧನವನ್ನು ಹಂಚಿತು. ಮುಂದೆ ಅದನ್ನು ಹಿಂತೆಗೆದುಕೊಂಡಿತು. ವಿಂಡೋಸ್ 98ರ 'ಸ್ಕ್ಯಾನ್‌ರೆಗ್' ಇನ್ನೊಂದು ದಾರಿ ಹಿಡಿಯಿತು. ಅದು ದಿನಕ್ಕೊಮ್ಮೆ ರಿಜಿಸ್ಟ್ರಿಯನ್ನು ಪರೀಕ್ಷಿಸಿ, ಇತ್ತೀಚಿನ ಐದು ಪ್ರತಿಗಳನ್ನು ಕಾಪಿಟ್ಟುಕೊಳ್ಳುತ್ತಿತ್ತು. 2000ದ ವಿಂಡೋಸ್ ಎಂಇಯಲ್ಲಿ 'ಸಿಸ್ಟಮ್ ರಿಸ್ಟೋರ್' ಬಂದಿತು. ತೊಳೆಯುವುದಕ್ಕಿಂತ ಪ್ರತಿಯನ್ನು ಉಳಿಸಿಕೊಳ್ಳುವುದೇ ಮೇಲೆಂಬ ವಿವೇಕ ಇವೆರಡರಲ್ಲೂ ಇದೆ.

ಪೇಟೆ ಮಾತ್ರ ಈ ವಿವೇಕವನ್ನು ಕಲಿಯಲಿಲ್ಲ. ಪುಕ್ಕಟೆಯಾಗಿ ಪರೀಕ್ಷಿಸಿ, ನೂರಾರು 'ದೋಷ'ಗಳನ್ನು ಕೆಂಪಕ್ಷರದಲ್ಲಿ ತೋರಿಸಿ, ದುರಸ್ತಿಗೆ ಹಣ ಕೇಳುವ ತಂತ್ರಾಂಶಗಳು ಹುಟ್ಟಿಕೊಂಡವು. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯ ಸರ್ಕಾರವು 'ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ' ಮಾರುತ್ತಿದ್ದವರ ಮೇಲೆ ದಾವೆ ಹೂಡಿತು. ವಿಂಡೋಸ್‌ನದೇ ಎನಿಸುವಂಥ ಎಚ್ಚರಿಕೆಗಳನ್ನು ಪರದೆಯ ಮೇಲೆ ಮೂಡಿಸಿ ಜನರನ್ನು ಹೆದರಿಸುತ್ತಿದ್ದರೆಂಬುದು ಆರೋಪ.

ತೊಳೆದರೆ ವೇಗ ಹೆಚ್ಚುವುದೇ? ರಿಜಿಸ್ಟ್ರಿ ಮರದಂತೆ ಕವಲೊಡೆದ ರಚನೆ; ತಂತ್ರಾಂಶವು ತನಗೆ ಬೇಕಾದ ಕೊಂಬೆಗೆ ನೇರವಾಗಿ ಹೋಗುತ್ತದೆ. ನಿಘಂಟಿನಲ್ಲಿ ಬಳಕೆ ತಪ್ಪಿದ ನೂರು ಪದಗಳಿದ್ದರೆ ನಮಗೆ ಬೇಕಾದ ಪದವನ್ನು ಹುಡುಕುವುದು ತಡವಾಗುವುದಿಲ್ಲವಷ್ಟೆ. ವಿಂಡೋಸ್‌ನ ಒಳಹೊರಗನ್ನು ಬಲ್ಲ ಮಾರ್ಕ್ ರುಸಿನೋವಿಚ್ ಕೂಡ 2005ರಲ್ಲಿಯೇ, ಇಂಥ ಕಸದಿಂದ ವೇಗಕ್ಕೆ ಆಗುವ ಬಾಧೆ ಅತ್ಯಲ್ಪವೆಂದು ತಿಳಿಸಿದ್ದರು.

ಅಪಾಯವಾದರೋ ಅಲ್ಪವಲ್ಲ. ಶಾಲೆಯ ದಾಖಲಾತಿ ಪುಸ್ತಕವನ್ನು ನೆನೆಯಿರಿ. ಟಿ.ಸಿ. ಪಡೆದು ಹೋದ ಹುಡುಗನ ಹೆಸರನ್ನು ನಾವು ಅಳಿಸುತ್ತಿರಲಿಲ್ಲ. ನಲವತ್ತು ವರ್ಷಗಳ ಬಳಿಕವೂ ಜನ್ಮದಿನಾಂಕದ ದೃಢೀಕರಣಕ್ಕೆ ಆತ ಬರಬಹುದು. ಯಾವ ಸಾಲು ನಿರುಪಯುಕ್ತವೆಂಬುದನ್ನು ಹೊರಗಿನವನು ಹೇಗೆ ನಿರ್ಣಯಿಸಬಲ್ಲ? ತೊಳೆಯುವ ತಂತ್ರಾಂಶವೂ ಅಂಥ ಹೊರಗಿನವನೇ. 2010ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಆದ 'ವಿಂಡೋಸ್ ಇನ್‌ಸ್ಟಾಲರ್ ಕ್ಲೀನಪ್' ಸಾಧನವನ್ನು ಹಿಂತೆಗೆದುಕೊಂಡಿತು. ಅದು ಗಣಕದ ಇತರ ಭಾಗಗಳನ್ನೂ ಕೆಡಿಸುತ್ತಿತ್ತು. ರಿಜಿಸ್ಟ್ರಿ ತೊಳೆಯುವ ಸಾಧನಗಳನ್ನು ತಾನು ಬೆಂಬಲಿಸುವುದಿಲ್ಲ, ಅವುಗಳಿಂದ ಇಡೀ ವಿಂಡೋಸನ್ನೇ ಮರುಸ್ಥಾಪಿಸಬೇಕಾದೀತು ಎಂದು ಆ ಕಂಪನಿ ಪ್ರಕಟಣೆಯನ್ನೂ ಹೊರಡಿಸಿತು.

ಮತ್ತೊಂದು ಘಟನೆ 2017ರದು. 2003ರಿಂದ ಜನಪ್ರಿಯವಾಗಿದ್ದ 'ಸಿಕ್ಲೀನರ್' ತಂತ್ರಾಂಶದ 5.33ನೆಯ ಆವೃತ್ತಿಯೊಳಗೆ ದುಷ್ಕರ್ಮಿಗಳು ಕುತಂತ್ರಾಂಶವನ್ನು ತುರುಕಿದ್ದರು. ಅಧಿಕೃತ ತಾಣದಿಂದಲೇ ಅದು ಸುಮಾರು 22 ಲಕ್ಷ 70 ಸಾವಿರ ಬಳಕೆದಾರರನ್ನು ತಲುಪಿತ್ತು. ಈ ತಂತ್ರಾಂಶದ ತಯಾರಕರು ಮೋಸಗಾರರಲ್ಲ, ಅವರೇ ಮೋಸಹೋದವರು. ಆದರೂ ಗಣಕದ ಒಳಮನೆಯ ಬೀಗದ ಕೈಯನ್ನು ಹೊರಗಿನವರಿಗೆ ಕೊಡುವುದೆಂದರೇನೆಂದು ಅಂದು ಲೋಕಕ್ಕೆ ಅರಿವಾಯಿತು.

ಹಾಗಾದರೆ ಏನು ಮಾಡಬೇಕು? ಬೇಡದ ತಂತ್ರಾಂಶಗಳನ್ನು ವಿಂಡೋಸ್‌ನ 'ಸೆಟ್ಟಿಂಗ್ಸ್' ಮೂಲಕವೇ ತೆಗೆಯಿರಿ. ಗಣಕದೊಡನೆ ತಾವೂ ಎದ್ದುಕೊಳ್ಳುವ ತಂತ್ರಾಂಶಗಳನ್ನು 'ಟಾಸ್ಕ್ ಮ್ಯಾನೇಜರ್'ನಲ್ಲಿ ಕಡಿಮೆ ಮಾಡಿರಿ. ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ವೇಗದಲ್ಲಿ ನಿಜವಾದ ಅಂತರ ಕಾಣುತ್ತದೆ. ಬಲ್ಲವರು ಯಾವುದೋ ಒಂದು ನಮೂದನ್ನು ತಿದ್ದಲೇಬೇಕಾದರೆ, ಮೊದಲು 'ಸಿಸ್ಟಮ್ ರಿಸ್ಟೋರ್' ಚಾಲನೆಯಲ್ಲಿದೆಯೇ ನೋಡಿ, ಮರುಸ್ಥಾಪನೆಯ ಬಿಂದುವೊಂದನ್ನು ರಚಿಸಿಕೊಳ್ಳಲಿ. ಛಾಯಾಚಿತ್ರ, ಪಿಂಚಣಿ ಪತ್ರಗಳಂಥ ಕಡತಗಳ ಪ್ರತಿ ಬೇರೆಡೆ ಇರಲಿ.

ಕೆಂಪಕ್ಷರದ ಎಚ್ಚರಿಕೆಗೆ ಬೇಗನೆ ಬೆದರುವವರು ನನ್ನ ವಯಸ್ಸಿನವರು. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ನಿಮ್ಮ ತಂದೆತಾಯಿಗಳ ಗಣಕವನ್ನೊಮ್ಮೆ ತೆರೆದು ನೋಡಿ. ವರ್ಷ ವರ್ಷ ಹಣ ಕಟ್ಟಿಸಿಕೊಳ್ಳುವ ಇಂಥ ತಂತ್ರಾಂಶವೇನಾದರೂ ಕಂಡರೆ, ಅವರಿಗೆ ವಿಷಯವನ್ನು ವಿವರಿಸಿ ತೆಗೆದುಹಾಕಿರಿ.