ಲೂಪ್ ಏಕೆ ನಿಧಾನ? – ಸಂಖ್ಯಾಶಾಸ್ತ್ರದ ಭಾಷೆಗಳು ನಡೆದು ಬಂದ ದಾರಿ

ಸಾವಿರ ವಿದ್ಯಾರ್ಥಿಗಳಿಗೆ ತಲಾ 5 ಕೃಪಾಂಕ ಸೇರಿಸಬೇಕಾಗಿದೆ ಎನ್ನಿ. ಕಂಪ್ಯೂಟರಿಗೆ ಇದನ್ನು ಎರಡು ಬಗೆಯಲ್ಲಿ ಹೇಳಬಹುದು. ‘ಒಂದು ಅಂಕ ತೆಗೆದುಕೊ, 5 ಕೂಡಿಸು, ಮುಂದಿನದಕ್ಕೆ ಹೋಗು’ ಎಂದು ಸಾವಿರ ಸಲ ಸುತ್ತಿಸುವುದು ಒಂದು, ಇದೇ ಲೂಪ್. ‘ಇಡೀ ಪಟ್ಟಿಗೆ 5 ಕೂಡಿಸು’ ಎನ್ನುವುದು ಇನ್ನೊಂದು. ಉತ್ತರ ಒಂದೇ ಆದರೂ ‘ಆರ್’ ಭಾಷೆಯಲ್ಲಿ ಎರಡನೆಯದು ಬಹಳ ಬೇಗ ಮುಗಿಯುತ್ತದೆ. ಏಕೆ? ಕಾರಣ ಆ ಭಾಷೆಯ ಹುಟ್ಟಿನಲ್ಲೇ ಇದೆ.

1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಬಳಕೆಗೆ ತಂದರು. ಅದರ ಕಂಪೈಲರ್ ಇಡೀ ಪ್ರೋಗ್ರಾಮನ್ನು ಮೊದಲೇ ಯಂತ್ರಭಾಷೆಗೆ ಅನುವಾದಿಸುತ್ತಿದ್ದುದರಿಂದ ಅಲ್ಲಿ ಲೂಪ್ ವೇಗವಾಗಿಯೇ ಓಡುತ್ತಿತ್ತು. ಕೆನೆತ್ ಐವರ್ಸನ್ ಬೇರೆ ದಾರಿ ಹಿಡಿದರು. ಪಟ್ಟಿ, ಕೋಷ್ಟಕಗಳನ್ನು ಇಡಿಯಾಗಿಯೇ ನಿರ್ವಹಿಸುವ ಅವರ ಸಂಕೇತಪದ್ಧತಿ 1962ರಲ್ಲಿ ಪುಸ್ತಕವಾಗಿ ಬಂತು. ಮುಂದೆ ಎಪಿಎಲ್ ಭಾಷೆಯಾಯಿತು.

1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಹೋದ್ಯೋಗಿಗಳು ‘ಎಸ್’ ಭಾಷೆಯನ್ನು ಆರಂಭಿಸಿದರು. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಫೋರ್ಟ್ರಾನ್ ಪ್ರೋಗ್ರಾಮುಗಳ ಸಂಗ್ರಹ ಅಲ್ಲಿ ಆಗಲೇ ಇತ್ತು. ಅವನ್ನು ಸರಳ ಆದೇಶಗಳಿಂದ ಕರೆಯುವುದೇ ಎಸ್‌ನ ಉದ್ದೇಶ. ಮೇಲೆ ಸುಲಭದ ಮಾತು, ಒಳಗೆ ವೇಗದ ಯಂತ್ರ! ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1993ರಲ್ಲಿ ಪ್ರಕಟಿಸಿದ ‘ಆರ್’ ಇದೇ ಜಾಡಿನದು. 1995ರಿಂದ ಅದು ಮುಕ್ತ ತಂತ್ರಾಂಶ.

ಆರ್‌ನಲ್ಲಿ ಲೂಪ್ ಬರೆದರೆ ಪ್ರತಿ ಸುತ್ತಿನಲ್ಲೂ ಹೆಸರು ಹುಡುಕುವ, ಇದು ಯಾವ ಬಗೆಯ ದತ್ತಾಂಶವೆಂದು ಪರೀಕ್ಷಿಸುವ ಕೆಲಸ ಮರುಕಳಿಸುತ್ತದೆ. ‘ಸಮ್’ನಂತಹ ಅಂತರ್ನಿರ್ಮಿತ ಫಲನದಲ್ಲಿ ಈ ಪರೀಕ್ಷೆ ಒಮ್ಮೆ ಮಾತ್ರ, ಆಮೇಲಿನ ಲೂಪ್ ಸಿ ಭಾಷೆಯ ಸಿದ್ಧ ಯಂತ್ರಸಂಕೇತದಲ್ಲಿ ಓಡುತ್ತದೆ. ಅಂದರೆ ಲೂಪ್ ಮಾಯವಾಗಲಿಲ್ಲ, ಒಳಮನೆಗೆ ಸರಿಯಿತು ಅಷ್ಟೆ.

ಇನ್ನೊಂದು ತಪ್ಪು ಇನ್ನೂ ದುಬಾರಿ. ಖಾಲಿ ಪಟ್ಟಿಗೆ ಒಂದೊಂದೇ ಸಂಖ್ಯೆ ಜೋಡಿಸುತ್ತ ಹೋದರೆ ಪ್ರತಿಸಲವೂ ಹಳೆಯ ಪಟ್ಟಿಯೆಲ್ಲ ಹೊಸ ಜಾಗಕ್ಕೆ ನಕಲಾಗುತ್ತದೆ. 10,000 ಸಂಖ್ಯೆಗಳಾಗುವಷ್ಟರಲ್ಲಿ ಸುಮಾರು 5 ಕೋಟಿ ನಕಲು! ಬೇಕಾದಷ್ಟು ಜಾಗವನ್ನು ಮೊದಲೇ ಕಾಯ್ದಿರಿಸಿದರೆ ಈ ತೊಂದರೆಯಿಲ್ಲ.

ಹಾಗೆಂದು ಲೂಪನ್ನು ದೂರಬೇಕಿಲ್ಲ. 2011ರಲ್ಲಿ ಆರ್‌ಗೆ ಬೈಟ್‌ಕೋಡ್ ಕಂಪೈಲರ್ ಸೇರಿತು. 2017ರಿಂದ ಅದು ತಾನಾಗಿಯೇ ಕೆಲಸ ಮಾಡುತ್ತದೆ. ಲೂಪಿನ ವೇಗ ಹೆಚ್ಚಿ ಅಂತರ ತಗ್ಗಿದೆ. ಪ್ರತಿ ಹೆಜ್ಜೆಯೂ ಹಿಂದಿನ ಉತ್ತರವನ್ನು ಅವಲಂಬಿಸಿರುವ ಲೆಕ್ಕಗಳಿಗೆ ಅನೇಕ ವೇಳೆ ಲೂಪೇ ಸಹಜ. ವಿದ್ಯಾರ್ಥಿಗಳೇ, ಒಂದೇ ಲೆಕ್ಕವನ್ನು ಎರಡೂ ಬಗೆಯಲ್ಲಿ ಬರೆದು, ತಗಲುವ ಕಾಲವನ್ನು ನೀವೇ ಅಳೆದು ನೋಡಿ.